‘ಏಲಿಯನ್’ ಚಿತ್ರಗಳನ್ನು ಮನೆಯಲ್ಲೇ ನೋಡಿ, ತೂಗಿ, ಸಾಲಿಗೆ ಹಚ್ಚುವ ಬಗೆ

ನಮ್ಮ ಅಪ್ಪ 31 ಹಂಗಾಮು ಸಕ್ಕರೆ ಕಾರ್ಖಾನೆಯ ಬಾಯ್ಲರ್ ಮುಂದೆ ನಿಂತವರು. ಒಂದು ಮಳೆಗಾಲದ ರಾತ್ರಿ ಬನಹಟ್ಟಿಯ ನಮ್ಮ ಮನೆಯ ಪಡಸಾಲೆಯಲ್ಲಿ ನಾನು 1979ರ ಇಂಗ್ಲಿಷ್ ಚಿತ್ರ ‘ಏಲಿಯನ್’ ಹಚ್ಚಿಕೊಂಡು ಕೂತಿದ್ದೆ. ನಿದ್ದೆ ಬಾರದ ಅಪ್ಪ ಎದ್ದು ಬಂದು ಬಾಜೂಕ ಕೂತರು. ಬಾಹ್ಯಾಕಾಶದ ಹಡಗಿನ ಕೆಳಗಿನ ಅಂತಸ್ತಿನಲ್ಲಿ ದುಡಿಯುವ ಪಾರ್ಕರ್, ಬ್ರೆಟ್ ಎಂಬಿಬ್ಬರು ತಮ್ಮ ಬೋನಸ್ ಪಾಲು ಉಳಿದವರಿಗಿಂತ ಕಡಿಮೆ ಎಂದು ತಕರಾರು ತೆಗೆದಾಗ ಅಪ್ಪ ಮುಂದಕ್ಕೆ ಸರಿದರು. “ತಮ್ಮಾ, ಇವ್ರು ನಮ್ಮ ಮಂದೀನ ಅದಾರಲ್ಲೋ. ಉಗಿ ಪೈಪ, ಕಬ್ಬಿಣದ ಪಾವಟಿಗಿ, ಎಲ್ಲಾ ನಮ್ಮ ಬಾಯ್ಲರ್ ಹೌಸ್ ಇದ್ಹಂಗ ಐತಿ” ಅಂದರು. ಚಿತ್ರದ ನಡುವೆ ನಾಯಕಿ ರಿಪ್ಲಿ ಹಡಗಿನ ಕಂಪ್ಯೂಟರಿನ ಮುಂದೆ ಕೂತು ಕಂಪನಿಯ ಗುಟ್ಟಿನ ಆದೇಶ ಓದುತ್ತಾಳೆ. ಹಡಗಿನೊಳಗೆ ಹೊಕ್ಕು ಕೊಲ್ಲುತ್ತಿರುವ ಅನ್ಯಲೋಕದ ಜೀವಿಯನ್ನು ತರುವುದೇ ಮೊದಲ ಕೆಲಸ, ಸಿಬ್ಬಂದಿ ಹೋದರೂ ಚಿಂತೆಯಿಲ್ಲ ಎಂದು ಅದರಲ್ಲಿರುತ್ತದೆ. ಅದರ ಅರ್ಥ ಹೇಳಿದೆ. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ.

ಅಲ್ಲಿಯತನಕ ನಾನು ಈ ಸರಣಿಯನ್ನು ಬೇರೆಯವರ ಪಟ್ಟಿ ನೋಡಿ, ಕಾಲೇಜು ದಿನಗಳ ನೆನಪಿನ ಮೇಲೆ ಸಾಲಿಗೆ ಹಚ್ಚುತ್ತಿದ್ದೆ. ಯಾವುದು ಮೇಲೆ, ಯಾವುದು ಕೆಳಗೆ ಎಂದು ಕೇಳಿದರೆ ಹೇಳುತ್ತಿದ್ದೆ, ಯಾಕೆ ಎಂದರೆ ಹೇಳಲು ಬರುತ್ತಿರಲಿಲ್ಲ. ಅಪ್ಪ ಕೂತ ಆ ರಾತ್ರಿಯ ನಂತರ ಎಲ್ಲವನ್ನೂ ಮನೆಮಂದಿಯೊಂದಿಗೆ ಮತ್ತೆ ನೋಡಿದೆ, ಪ್ರತಿ ಚಿತ್ರಕ್ಕೂ ವಹಿಯಲ್ಲಿ ಬರೆದಿಟ್ಟೆ, ಸಾಲು ಬದಲಾಯಿತು. ನೀವೂ ಹಾಗೆ ಮಾಡಬೇಕೆಂದಿದ್ದರೆ ದಾರಿ ಇಲ್ಲಿದೆ. ಕಥೆಯ ಗುಟ್ಟುಗಳನ್ನು ನಡುನಡುವೆ ಬಿಟ್ಟುಕೊಡಬೇಕಾಗುತ್ತದೆ. ಒಂದನ್ನೂ ನೋಡಿರದವರು ಕೊನೆಯ ಎರಡು ಹೆಜ್ಜೆಗಳನ್ನು ಈಗ ಓದಬೇಡಿ, ಚಿತ್ರಗಳನ್ನು ಮುಗಿಸಿ ಬಂದು ಓದಿ.

ಮೊದಲ ಹೆಜ್ಜೆ: ಯಾವುದು ಲೆಕ್ಕಕ್ಕೆ, ಯಾವುದು ಅಲ್ಲ

ಸಾಲಿಗೆ ಹಚ್ಚಬೇಕಾದವು ಆರು: ಜೇಮ್ಸ್ ಕ್ಯಾಮರೂನ್ ಅವರ ‘ಏಲಿಯನ್ಸ್’ (1986), ಡೇವಿಡ್ ಫಿಂಚರ್ ಅವರ ‘ಏಲಿಯನ್ 3’ (1992), ಜಾನ್-ಪಿಯೆರ್ ಜುನೆ ಅವರ ‘ಏಲಿಯನ್ ರೆಸರೆಕ್ಷನ್’ (1997), ಮೊದಲ ಚಿತ್ರದ ನಿರ್ದೇಶಕ ರಿಡ್ಲಿ ಸ್ಕಾಟ್ ಮರಳಿ ಬಂದು ಮಾಡಿದ ‘ಪ್ರಮೀಥಿಯಸ್’ (2012) ಮತ್ತು ‘ಏಲಿಯನ್: ಕವೆನಂಟ್’ (2017), ಫೆಡೆ ಅಲ್ವಾರೆಝ್ ಅವರ ‘ಏಲಿಯನ್: ರೋಮ್ಯುಲಸ್’ (2024). ಇವುಗಳಲ್ಲಿ ಕೊನೆಯ ಮೂರೂ ಕಥೆಯ ಕಾಲದಲ್ಲಿ ‘ಏಲಿಯನ್ಸ್’ಗಿಂತ ಹಿಂದಕ್ಕೆ ಹೋಗುತ್ತವೆ. ಆದರೂ ಮೊದಲ ಚಿತ್ರದ ಬೆನ್ನಿಗೇ ಹುಟ್ಟಿದ್ದರಿಂದ ನಾನು ಅವನ್ನು ಹೊರಗಿಡುವುದಿಲ್ಲ.

ಬೇರೊಂದು ಸರಣಿಯ ಜೀವಿಯಾದ ಪ್ರಿಡೇಟರ್ ಜೊತೆ ಕಾದಾಡಿಸಿದ 2004 ಮತ್ತು 2007ರ ಎರಡು ಚಿತ್ರಗಳನ್ನು ಬಿಡಿ. ಅವು ಬೇರೆಯೇ ಆಟ. 2025ರಲ್ಲಿ ಬಂದ ‘ಏಲಿಯನ್: ಅರ್ಥ್’ ಎಂಟು ಕಂತಿನ ಟಿವಿ ಸರಣಿ. ಎರಡು ತಾಸಿನ ಚಿತ್ರವನ್ನೂ ಎಂಟು ಕಂತನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟರೆ ಎರಡಕ್ಕೂ ಅನ್ಯಾಯ.

ಮುಖ್ಯವಾದ ಮಾತು: 1979ರ ಮೊದಲ ಚಿತ್ರವನ್ನು ಸಾಲಿನಲ್ಲಿ ಸೇರಿಸಬೇಡಿ. ಅದು ತೂಗಬೇಕಾದ ಮಾಲು ಅಲ್ಲ, ತೂಕದ ಕಲ್ಲು. ನೊಸ್ಟ್ರೊಮೊ ಎನ್ನುವುದು ಯುದ್ಧದ ಹಡಗಲ್ಲ. 2 ಕೋಟಿ ಟನ್ ಅದಿರಿನ ಸಂಸ್ಕರಣಾ ಘಟಕವನ್ನು ಎಳೆದೊಯ್ಯುವ, ಏಳು ಮಂದಿ ದುಡಿಯುವ ಹಡಗು. ಕಬ್ಬು ಹೇರಿದ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರನ್ನು ನಮ್ಮ ಕಡೆ ರಾತ್ರಿ ರಸ್ತೆಯಲ್ಲಿ ನೋಡಿದವರಿಗೆ ಆ ದಣಿವು ಕೂಡಲೇ ಗೊತ್ತಾಗುತ್ತದೆ. ಸ್ವಿಟ್ಜರ್‌ಲೆಂಡಿನ ಕಲಾವಿದ ಎಚ್.ಆರ್. ಗೀಗರ್ ಚಿತ್ರಿಸಿದ ಜೀವಿ ಹೆದರಿಸುವುದು ನಿಜ. ಆದರೆ ಒಬ್ಬ ಸತ್ತರೆ ನಾವು ನಡುಗುವುದು ಅವನು ಬೆಳಿಗ್ಗೆ ಚಹಾ ಕುಡಿಯುತ್ತ ಜಗಳಾಡಿದ್ದನ್ನು ನೋಡಿರುವುದಕ್ಕೆ. ಸತ್ತವರು ಯಾರೆಂದು ನಮಗೆ ಗೊತ್ತಿರಬೇಕು. ಅವರ ಜೀವಕ್ಕೆ ಬೆಲೆ ಕಟ್ಟಿದವರು ಯಾರೆಂದೂ ಗೊತ್ತಿರಬೇಕು. ನನ್ನ ಕಲ್ಲು ಇದೇ. ನಿಮ್ಮದು ಬೇರೆ ಇರಬಹುದು, ಆದರೆ ಮೊದಲ ಚಿತ್ರ ನೋಡಿದ ರಾತ್ರಿಯೇ ಅದನ್ನು ಒಂದು ಸಾಲಿನಲ್ಲಿ ಬರೆದಿಡಿ. ಆಮೇಲೆ ಬದಲಿಸುವಂತಿಲ್ಲ.

ಎರಡನೇ ಹೆಜ್ಜೆ: ಬಿಡುಗಡೆಯಾದ ಕ್ರಮದಲ್ಲೇ ನೋಡಿ

ಕಥೆಯ ಕಾಲಕ್ರಮ ಹೀಗಿದೆ: ‘ಪ್ರಮೀಥಿಯಸ್’ 2093, ‘ಕವೆನಂಟ್’ 2104, ಮೊದಲ ‘ಏಲಿಯನ್’ 2122, ‘ರೋಮ್ಯುಲಸ್’ 2142, ‘ಏಲಿಯನ್ಸ್’ 2179, ಅದರ ಬೆನ್ನಿಗೇ ‘ಏಲಿಯನ್ 3’, ಅಲ್ಲಿಂದ ಇನ್ನೂರು ವರ್ಷಕ್ಕೆ ‘ರೆಸರೆಕ್ಷನ್’. ಹೊಸಬರಿಗೆ ಈ ಕ್ರಮದಲ್ಲಿ ನೋಡುವ ಆಸೆ ಹುಟ್ಟುತ್ತದೆ. ಬೇಡ. ಮೊದಲ ಚಿತ್ರದಲ್ಲಿ ಮಂದಿ ಒಂದು ಹಾಳುಬಿದ್ದ ಹಡಗಿನೊಳಗೆ ಹೊಕ್ಕಾಗ, ಕುರ್ಚಿಯಲ್ಲಿ ಕೂತಂತೆಯೇ ಕಲ್ಲಾಗಿರುವ ದೈತ್ಯನೊಬ್ಬ ಕಾಣುತ್ತಾನೆ. ಅವನ ಎದೆಗೂಡು ಒಳಗಿನಿಂದ ಒಡೆದಿರುತ್ತದೆ. ಅವನು ಯಾರೆಂದು ಚಿತ್ರ ಹೇಳುವುದೇ ಇಲ್ಲ. ಆ ಮೌನಕ್ಕೆ ‘ಪ್ರಮೀಥಿಯಸ್’ ಉತ್ತರ ಕೊಡಲು ಹೋಗುತ್ತದೆ. ಉತ್ತರ ಮೊದಲು ಕೇಳಿ ಆಮೇಲೆ ಒಗಟು ಬಿಡಿಸಿದಂತಾಗಬಾರದು. ‘ರೋಮ್ಯುಲಸ್’ ಅಂತೂ ಹಿಂದಿನ ಚಿತ್ರಗಳನ್ನು ನೆನಪಿಸುತ್ತಲೇ ಸಾಗುವ ಚಿತ್ರ, ಅದನ್ನು ಕಡೆಗೆ ಇಡಲೇಬೇಕು.

ಮೂರನೇ ಹೆಜ್ಜೆ: ಯಾವ ಆವೃತ್ತಿ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ

ಬಹಳ ಮಂದಿ ಎಡವುವುದು ಇಲ್ಲಿಯೇ. ನಾನೂ ಎಡವಿದ್ದೆ.

‘ಏಲಿಯನ್ಸ್’ಗೆ ಎರಡು ರೂಪಗಳಿವೆ. ಚಿತ್ರಮಂದಿರದ್ದು 137 ನಿಮಿಷ, ವಿಶೇಷ ಆವೃತ್ತಿ 154 ನಿಮಿಷ. ಮೊದಲ ಬಾರಿಗೆ ಚಿಕ್ಕದೇ ಸಾಕು, ಓಟ ಚುರುಕಾಗಿದೆ. ಆದರೆ ದೊಡ್ಡದರಲ್ಲಿ ಒಂದು ದೃಶ್ಯವಿದೆ: 57 ವರ್ಷ ನಿದ್ದೆಯಲ್ಲಿ ತೇಲಿ ಬಂದ ರಿಪ್ಲಿಗೆ, ಅವಳ ಮಗಳು ಮುದುಕಿಯಾಗಿ ತೀರಿಕೊಂಡಳೆಂಬ ಸುದ್ದಿ ತಿಳಿಯುತ್ತದೆ. ಆ ಒಂದು ದೃಶ್ಯ ಸಿಕ್ಕರೆ ಮುಂದೆ ನ್ಯೂಟ್ ಎಂಬ ಹುಡುಗಿಯನ್ನು ಅವಳು ಎದೆಗವಚಿಕೊಳ್ಳುವುದು ಬೇರೆಯದೇ ತೂಕ ಪಡೆಯುತ್ತದೆ. ಎರಡನೇ ಸಲಕ್ಕೆ ಇದನ್ನು ಇಟ್ಟುಕೊಳ್ಳಿ.

‘ಏಲಿಯನ್ 3’ರ ಮಾತು ಹಾಗಲ್ಲ. ಇಲ್ಲಿ ಆವೃತ್ತಿ ಬದಲಾದರೆ ಸ್ಥಾನವೇ ಬದಲಾಗುತ್ತದೆ. ಅದು ಫಿಂಚರ್ ಅವರ ಮೊದಲ ಚಿತ್ರ. ಕಥೆ ಗಟ್ಟಿಯಾಗುವ ಮೊದಲೇ ಚಿತ್ರೀಕರಣ ಸುರುವಾಯಿತು, ಸ್ಟುಡಿಯೊ ಹೆಜ್ಜೆ ಹೆಜ್ಜೆಗೂ ಕೈ ಹಾಕಿತು, ಕಡೆಗೆ ನಿರ್ದೇಶಕರು ಇದು ತಮ್ಮ ಚಿತ್ರವಲ್ಲ ಎಂದು ದೂರ ಸರಿದರು. 1992ರಲ್ಲಿ ಚಿತ್ರಮಂದಿರ ಕಂಡದ್ದು ಎರಡು ತಾಸಿಗೂ ಕಡಿಮೆಯ ರೂಪ. 2003ರಲ್ಲಿ ಉಳಿದ ತುಣುಕುಗಳನ್ನು ಸೇರಿಸಿ ‘ಅಸೆಂಬ್ಲಿ ಕಟ್’ ಎಂಬ 145 ನಿಮಿಷದ ರೂಪ ಹೊರಬಂತು. ಅದರಲ್ಲೂ ಫಿಂಚರ್ ಕೈ ಜೋಡಿಸಲಿಲ್ಲ. ಚಿಕ್ಕದರಲ್ಲಿ ಜೀವಿ ನಾಯಿಯ ಮೈಯಿಂದ ಹೊರಬರುತ್ತದೆ, ದೊಡ್ಡದರಲ್ಲಿ ಎತ್ತಿನಿಂದ. ಸಮುದ್ರಕ್ಕೆ ಬಿದ್ದ ನೌಕೆಯನ್ನು ಎತ್ತುಗಳು ದಂಡೆಗೆ ಎಳೆಯುತ್ತವೆ, ಅದರಲ್ಲೊಂದು ಸಾಯುತ್ತದೆ. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಬಳಿದು ಬೆಳೆದ ನಮ್ಮವ್ವ ಆ ದೃಶ್ಯಕ್ಕೆ “ಅಯ್ಯ ಶಿವನ, ಪಾಪ ಅದೇನ ಮಾಡಿತ್ತು” ಎಂದು ಎದ್ದು ಒಳಗೆ ಹೋದಳು. ನಾಯಿಯ ದೃಶ್ಯ ನಮ್ಮ ಮನೆಯಲ್ಲಿ ಯಾರನ್ನೂ ಹಾಗೆ ಮುಟ್ಟಿರಲಿಲ್ಲ. ಈ ಚಿತ್ರಕ್ಕೆ ಸ್ಥಾನ ಕೊಡುವಾಗ 145 ನಿಮಿಷದ್ದನ್ನೇ ಹಿಡಿಯಿರಿ. ಅದು ಸಿಗದಿದ್ದರೆ ವಹಿಯಲ್ಲಿ ‘ಚಿಕ್ಕ ಆವೃತ್ತಿ’ ಎಂದು ಗುರುತು ಹಾಕಿ, ಸ್ಥಾನವನ್ನು ಪೆನ್ಸಿಲ್‌ನಲ್ಲಿ ಬರೆಯಿರಿ.

ಉಳಿದ ನಾಲ್ಕಕ್ಕೆ ಚಿತ್ರಮಂದಿರದ ರೂಪವೇ ಸಾಕು. ಹಚ್ಚುವ ಮೊದಲು ಒಟ್ಟು ನಿಮಿಷಗಳನ್ನು ಒಮ್ಮೆ ನೋಡಿಕೊಂಡರೆ ಯಾವ ಆವೃತ್ತಿ ಎಂದು ತಿಳಿಯುತ್ತದೆ.

ನಾಲ್ಕನೇ ಹೆಜ್ಜೆ: ಹೊತ್ತು, ಕತ್ತಲು, ಸದ್ದು

ಬನಹಟ್ಟಿ, ರಬಕವಿ, ಇಳಕಲ್ಲು, ಗುಳೇದಗುಡ್ಡದ ಕಡೆಯವರಿಗೆ ಇದನ್ನು ಒತ್ತಿ ಹೇಳಬೇಕು. ನಮ್ಮ ಓಣಿಯಲ್ಲಿ ಪಾವರ್‌ಲೂಮ್ ಖಟಖಟ ನಿಲ್ಲುವುದು ರಾತ್ರಿ ಎಷ್ಟೋ ಹೊತ್ತಿಗೆ. ಮಗ್ಗ ನಡೆದಿರುವಾಗ ‘ಏಲಿಯನ್’ ನೋಡಿದರೆ ಅರ್ಧ ಚಿತ್ರ ಹೋದಂತೆ. ಮೊದಲ ಚಿತ್ರದಲ್ಲಿ ಬ್ರೆಟ್ ಬೆಕ್ಕನ್ನು ಹುಡುಕುತ್ತ ಹೋದಾಗ ಕೇಳುವುದು ಸರಪಳಿಯ ಕಿಣಿಕಿಣಿ, ಮೇಲಿನಿಂದ ತೊಟ್ಟಿಕ್ಕುವ ನೀರು, ಅಷ್ಟೇ. ‘ಏಲಿಯನ್ಸ್’ನಲ್ಲಿ ಸೈನಿಕರ ಕೈಯಲ್ಲಿನ ಪತ್ತೆಯಂತ್ರ ಜೀವಿ ಹತ್ತಿರವಾದಂತೆ ಬೀಪ್ ಬೀಪ್ ಎಂದು ಬಡಿದುಕೊಳ್ಳುತ್ತದೆ. ಪರದೆಯ ಮೇಲೆ ಏನೂ ಇಲ್ಲದಾಗಲೂ ಆ ಸದ್ದೇ ಬೆವರಿಳಿಸುತ್ತದೆ. ಮಗ್ಗ ನಿಂತ ಮೇಲೆ ಹಚ್ಚಿ. ಆಗದಿದ್ದರೆ ಹೆಡ್‌ಫೋನ್ ಹಾಕಿಕೊಂಡು ಒಬ್ಬರೇ ನೋಡಿ, ಆದರೆ ಟಿವಿಯ ದನಿ ಏರಿಸಿ ಮಗ್ಗದ ಜೊತೆ ಸ್ಪರ್ಧೆಗಿಳಿಯಬೇಡಿ.

ಲೈಟ್ ಪೂರ್ತಿ ಆರಿಸಿ. ಇವು ಕತ್ತಲಲ್ಲೇ ಕಟ್ಟಿದ ಚಿತ್ರಗಳು. ಟ್ಯೂಬ್‌ಲೈಟಿನ ಬೆಳಕು ಪರದೆಗೆ ಬಿದ್ದರೆ ಕರಿದೆಲ್ಲ ಬೂದಿಯಾಗುತ್ತದೆ. ಬೇಸಿಗೆಯಲ್ಲಿ ಕರೆಂಟ್ ಹೋಗುವುದು ನಮಗೆ ಹೊಸದಲ್ಲ. ಇನ್ವರ್ಟರ್ ಇಲ್ಲದ ಮನೆಯಲ್ಲಿ ಚಿತ್ರ ನಡುವೆ ನಿಂತರೆ ಮತ್ತೆ ಹತ್ತು ನಿಮಿಷ ಹಿಂದಿನಿಂದ ಹಚ್ಚಿ, ನಿಂತಲ್ಲಿಂದಲೇ ಅಲ್ಲ. ಬಿಗಿಯಾದ ಹಗ್ಗ ಸಡಿಲಾಗಿರುತ್ತದೆ, ಮತ್ತೆ ಬಿಗಿಯಲು ಹೊತ್ತು ಬೇಕು. ಊಟ ಮೊದಲೇ ಮುಗಿಸಿ, ಯಾಕೆಂದರೆ ಮೊದಲ ಚಿತ್ರದ ಅತಿ ಭೀಕರ ಘಟನೆ ನಡೆಯುವುದೇ ಊಟದ ಮೇಜಿನ ಮೇಲೆ. ಇಂಗ್ಲಿಷ್ ಸಬ್‌ಟೈಟಲ್ ಇರಲಿ, ಇದರಲ್ಲಿ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತಾಡುತ್ತಾರೆ. ಇವು ದೊಡ್ಡವರ ಚಿತ್ರಗಳು, ಮಕ್ಕಳು ಮಲಗಿದ ಮೇಲೆಯೇ ಹಚ್ಚಿ. ದಿನಕ್ಕೊಂದು ಸಾಕು. ಒಂದೇ ದಿನ ಎರಡು ನೋಡಿದರೆ ಎರಡನೆಯದಕ್ಕೆ ಹೆದರಿಕೆ ಉಳಿದಿರುವುದಿಲ್ಲ, ಆ ತಪ್ಪನ್ನು ನಾವು ಚಿತ್ರದ ತಲೆಗೆ ಕಟ್ಟುತ್ತೇವೆ.

ಐದನೇ ಹೆಜ್ಜೆ: ವಹಿಯಲ್ಲಿ ನಾಲ್ಕು ಪ್ರಶ್ನೆ

ಚಿತ್ರ ಮುಗಿದ ಕೂಡಲೇ, ಒಬ್ಬರಿಗೊಬ್ಬರು ಮಾತಾಡುವ ಮೊದಲು, ತಲಾ ಒಂದು ಹಾಳೆ ತೆಗೆದುಕೊಂಡು ಬರೆಯಿರಿ. ಅದರಲ್ಲಿ ಸತ್ತವರ ಹೆಸರು ಎಷ್ಟು ನೆನಪಿದೆ? ಹೆಸರು ಬರದಿದ್ದರೆ ‘ಬೆಕ್ಕು ಹುಡುಕಲು ಹೋದವನು’ ಎಂದರೂ ನಡೆಯುತ್ತದೆ, ಆಳು ನೆನಪಿರಬೇಕು. ಹಿಂದಿನ ಚಿತ್ರದಲ್ಲಿ ಇಲ್ಲದ್ದು ಇದರಲ್ಲಿ ಏನು ಬಂತು? ಈ ಮಂದಿಯನ್ನು ಸಾವಿನ ಬಾಯಿಗೆ ನೂಕಿದವರು ಯಾರು, ಅವರಿಗೆ ಅದರಿಂದ ಏನು ಲಾಭ? ಕೊನೆಯ ಅರ್ಧ ತಾಸು ಮೊದಲಿನ ಒಂದೂವರೆ ತಾಸಿಗೆ ತಕ್ಕುದಾಗಿತ್ತೇ?

ಹತ್ತಕ್ಕೆ ಇಷ್ಟು ಎಂದು ಅಂಕ ಕೊಡಬೇಡಿ. ಮೊದಲ ದಿನ ಕೊಟ್ಟ ಎಂಟಕ್ಕೂ ಆರನೇ ದಿನ ಕೊಟ್ಟ ಎಂಟಕ್ಕೂ ಸಂಬಂಧ ಇರುವುದಿಲ್ಲ. ಅದರ ಬದಲು ಜೋಡಿ ಹಚ್ಚಿ ಕೇಳಿ: ಇವೆರಡರಲ್ಲಿ ಯಾವುದು ಮೇಲು? ಆರು ಚಿತ್ರಗಳಿಗೆ ಒಟ್ಟು 15 ಜೋಡಿ ಆಗುತ್ತವೆ, ಎಲ್ಲವನ್ನೂ ಕೇಳಬೇಕಿಲ್ಲ. ಹೊಸ ಚಿತ್ರವನ್ನು ಆಗಿರುವ ಸಾಲಿನ ನಟ್ಟನಡುವಿನ ಚಿತ್ರದೊಂದಿಗೆ ಹೋಲಿಸಿ. ಮೇಲಾದರೆ ಮೇಲಿನ ಅರ್ಧದಲ್ಲಿ, ಕೆಳಗಾದರೆ ಕೆಳಗಿನ ಅರ್ಧದಲ್ಲಿ ಜಾಗ ಹುಡುಕಿ. ಎರಡು ಮೂರು ಪ್ರಶ್ನೆಯಲ್ಲಿ ಅದರ ಜಾಗ ಸಿಗುತ್ತದೆ. ಕ್ಯಾಲೆಂಡರ್ ಹಾಳೆಯ ಹಿಂಬದಿ ಕತ್ತರಿಸಿ ಆರು ಚೀಟಿ ಮಾಡಿಕೊಂಡರೆ ಇನ್ನೂ ಸಲೀಸು.

ಆರನೇ ಹೆಜ್ಜೆ: ಕಲ್ಲಿಟ್ಟು ತೂಗುವುದು

ನನ್ನ ಸಾಲು ಹೇಗೆ ಬಂತೆಂದು ಹೇಳುತ್ತೇನೆ, ನಿಮ್ಮದು ಹೀಗೆಯೇ ಬರಬೇಕೆಂದಲ್ಲ.

‘ಏಲಿಯನ್ಸ್’ ಮೊದಲು. ಕ್ಯಾಮರೂನ್ ಒಂದು ಜೀವಿಯ ಜಾಗದಲ್ಲಿ ಹಿಂಡು ತಂದರು, ಭೂತದ ಮನೆಯ ಕಥೆಯನ್ನು ಯುದ್ಧದ ಕಥೆ ಮಾಡಿದರು, ಮೊಟ್ಟೆ ಇಡುವ ರಾಣಿಯನ್ನು ಸೃಷ್ಟಿಸಿದರು. ಸ್ಟ್ಯಾನ್ ವಿನ್‌ಸ್ಟನ್ ಅವರ ತಂಡ ಕಟ್ಟಿದ ಆ ರಾಣಿಯ ಬೊಂಬೆಯೊಳಗೆ ಇಬ್ಬರು ಕೂತು ಕೈ ಆಡಿಸುತ್ತಿದ್ದರು. ದೃಶ್ಯ ಪರಿಣಾಮಕ್ಕೆ ಆಸ್ಕರ್ ಬಂತು, ಸಿಗೋರ್ನಿ ವೀವರ್ ಅವರ ಹೆಸರು ಉತ್ತಮ ನಟಿಯ ಪಟ್ಟಿಗೆ ಸೇರಿತು. ಆದರೆ ನಾನು ಇದನ್ನು ಮೇಲಿಡುವುದು ಬೇರೆ ಕಾರಣಕ್ಕೆ. ವಿಚಾರಣೆಯಲ್ಲಿ ಕಂಪನಿ ರಿಪ್ಲಿಯ ಮಾತು ನಂಬುವುದಿಲ್ಲ, ಅವಳ ಲೈಸೆನ್ಸ್ ಕಿತ್ತುಕೊಳ್ಳುತ್ತದೆ. ಅವಳು ಬಂದರಿನಲ್ಲಿ ಸಾಮಾನು ಎತ್ತುವ ಯಂತ್ರ ನಡೆಸಿ ಹೊಟ್ಟೆ ಹೊರೆಯುತ್ತಾಳೆ. ಕಡೆಗೆ ರಾಣಿಯ ಎದುರು ಅವಳನ್ನು ಕಾಯುವುದು ಬಂದೂಕಲ್ಲ, ಅದೇ ಹಮಾಲಿಯ ಯಂತ್ರ. ಅವಳು ಅದರೊಳಗೆ ನಿಂತು ಹೊರಬಂದಾಗ ಅಪ್ಪ ತೊಡೆ ತಟ್ಟಿದರು. ಹಡ್ಸನ್, ವಾಸ್ಕೆಜ್, ಹಿಕ್ಸ್, ಬಿಷಪ್, ಕಂಪನಿಯ ಬರ್ಕ್: ಮನೆಯಲ್ಲಿ ಎಲ್ಲರ ಹಾಳೆಯಲ್ಲೂ ಆಳುಗಳು ತುಂಬಿದ್ದರು. ಬರ್ಕ್‌ನ ಮೇಲೆ ನಮ್ಮ ವೈನಿಗೆ ಬಂದ ಸಿಟ್ಟು ಜೀವಿಗಳ ಮೇಲೂ ಬರಲಿಲ್ಲ.

ಎರಡನೆಯ ಜಾಗಕ್ಕೆ ದೊಡ್ಡ ಹೊಯ್ದಾಟವಾಯಿತು. ‘ಏಲಿಯನ್ 3’ ಸುರುವಾಗುವುದೇ ನ್ಯೂಟ್ ಮತ್ತು ಹಿಕ್ಸ್ ಸತ್ತ ಸುದ್ದಿಯಿಂದ. ಹಿಂದಿನ ಚಿತ್ರದಲ್ಲಿ ಪ್ರಾಣ ಪಣವಿಟ್ಟು ಉಳಿಸಿದವರನ್ನು ಹೀಗೆ ಕೈಬಿಟ್ಟದ್ದು ನನಗೆ ಎಷ್ಟೋ ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಆ ಮೊದಲ ಹತ್ತು ನಿಮಿಷದ ಸಿಟ್ಟಿಗೇ ಇದನ್ನು ಕಡೆಗೆ ತಳ್ಳಿದ್ದೆ. ಮತ್ತೆ ನೋಡಿದಾಗ ಕಂಡದ್ದು ಬೇರೆ. ಸೀಸ ಕರಗಿಸುವ ಕುಲುಮೆ, ಎಲ್ಲರೂ ಮರೆತ ಕೈದಿಗಳು, ಒಂದೂ ಬಂದೂಕಿಲ್ಲ. ತಲೆ ಬೋಳಿಸಿದ ಮಂದಿಯಲ್ಲಿ ಯಾರು ಯಾರೆಂದು ತಿಳಿಯುವುದಿಲ್ಲ. ಅಪ್ಪನ ಹಾಳೆಯಲ್ಲಿ ಡಿಲ್ಲನ್ ಮತ್ತು ವೈದ್ಯ ಕ್ಲೆಮೆನ್ಸ್ ಬಿಟ್ಟರೆ ಯಾರೂ ಇರಲಿಲ್ಲ. ಕಡೆಯ ಓಟದಲ್ಲಿ ಯಾವ ಬಾಗಿಲು ಎಲ್ಲಿದೆ ಎಂಬುದೂ ಗೊಂದಲ. ಮೊದಲ ಪ್ರಶ್ನೆಯಲ್ಲಿ ಅದು ಸೋತಿತು. ಮೂರನೆಯದರಲ್ಲಿ ಮಾತ್ರ ಈ ಚಿತ್ರದಷ್ಟು ಖಡಾಖಂಡಿತವಾಗಿ ಇನ್ನಾವುದೂ ಉತ್ತರ ಕೊಡಲಿಲ್ಲ. ಕಂಪನಿ ಬರುತ್ತಿರುವುದು ಇವರನ್ನು ಉಳಿಸಲು ಅಲ್ಲ ಎಂದು ಗೊತ್ತಾದ ಮೇಲೆ, ಜಗತ್ತು ಕಸವೆಂದು ಎಸೆದ ಈ ಮಂದಿ ಎದ್ದು ನಿಲ್ಲುತ್ತಾರೆ. ಆ ಜೀವಿ ಕಂಪನಿಯ ಕೈಗೆ ಸಿಗದಂತೆ ರಿಪ್ಲಿ ತೆಗೆದುಕೊಳ್ಳುವ ತೀರ್ಮಾನ ಇಡೀ ಸರಣಿಯ ಎತ್ತರದ ಗಳಿಗೆ. ಎರಡನೆಯ ಸ್ಥಾನ ಅದಕ್ಕೇ.

‘ರೋಮ್ಯುಲಸ್’ ಮೂರನೆಯದು, ಇದರ ಮೊದಲ ಇಪ್ಪತ್ತು ನಿಮಿಷಕ್ಕಾದರೆ ನಾನು ಎರಡನೆಯ ಜಾಗವನ್ನೇ ಕೊಡುತ್ತಿದ್ದೆ. ಬಿಸಿಲೇ ಬೀಳದ ಗಣಿ ಊರಿನಲ್ಲಿ ರೇನ್ ಎಂಬ ಹುಡುಗಿ ತನ್ನ ದುಡಿತದ ತಾಸು ಮುಗಿಯಿತೆಂದು ಕಚೇರಿಗೆ ಹೋಗುತ್ತಾಳೆ. ಕಂಪನಿ ಆ ಲೆಕ್ಕವನ್ನು 12,000 ತಾಸಿನಿಂದ 24,000ಕ್ಕೆ ಏರಿಸಿದೆ ಎಂದು ಕಿಟಕಿಯ ಆಚೆಯಿಂದ ಉತ್ತರ ಬರುತ್ತದೆ. ಮುಂಗಡ ತಗೊಂಡು ಮಗ್ಗಕ್ಕೆ ಕೂತವರು, ಕಬ್ಬು ಕಡಿಯಲು ಬಂದ ಗ್ಯಾಂಗಿನವರು ಇರುವ ನಮ್ಮ ಕಡೆ ಆ ದೃಶ್ಯಕ್ಕೆ ಟಿಪ್ಪಣಿ ಬೇಕಿಲ್ಲ. ಅವಳ ತಮ್ಮನಂತಿರುವ ಯಂತ್ರಮಾನವ ಆಂಡಿಯ ಪಾತ್ರದಲ್ಲಿ ಡೇವಿಡ್ ಜಾನ್ಸನ್ ನಟನೆ ಬಹಳ ದಿನ ಕಾಡುತ್ತದೆ. ಆದರೆ ಚಿತ್ರಕ್ಕೆ ತನ್ನ ಮೇಲೆ ನಂಬಿಕೆ ಸಾಲದು. ಹಳೆಯ ಸಂಭಾಷಣೆಗಳನ್ನು ಮತ್ತೆ ಹೇಳಿಸುತ್ತದೆ, ಮೊದಲ ಚಿತ್ರದಲ್ಲಿ ನಟಿಸಿ 2020ರಲ್ಲಿ ತೀರಿಕೊಂಡ ಇಯಾನ್ ಹೋಮ್ ಅವರ ಮುಖವನ್ನು ಮರಳಿ ತರುತ್ತದೆ. ಹೋದವರ ಮುಖ ಅಲ್ಲಿ ಬೇಕಿರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ನಾಲ್ಕು ‘ಪ್ರಮೀಥಿಯಸ್’. ಮೈಕೆಲ್ ಫಾಸ್‌ಬೆಂಡರ್ ನಟಿಸಿದ ಯಂತ್ರಮಾನವ ಡೇವಿಡ್, ಯಂತ್ರದೊಳಗೆ ಮಲಗಿ ತನ್ನ ಹೊಟ್ಟೆಯನ್ನು ತಾನೇ ಕೊಯ್ಯಿಸಿಕೊಳ್ಳುವ ಡಾಕ್ಟರ್ ಶಾ, ಇವೆರಡಕ್ಕೆ ನೂರಕ್ಕೆ ನೂರು. ಆದರೆ ಗೊತ್ತಿಲ್ಲದ ಗ್ರಹದಲ್ಲಿ ಹೆಲ್ಮೆಟ್ ತೆಗೆಯುವ, ಹೆಡೆಯೆತ್ತಿದ ಹಾವಿನಂಥದ್ದನ್ನು ಮುಟ್ಟಲು ಕೈ ಚಾಚುವ ವಿಜ್ಞಾನಿಗಳ ಸಾವಿಗೆ ನಾನು ಮರುಗಲಾರೆ. ಐದು ‘ಕವೆನಂಟ್’. ಫಾಸ್‌ಬೆಂಡರ್ ದ್ವಿಪಾತ್ರ ಚೆನ್ನ, ಹಡಗಿನಲ್ಲಿ 2,000 ವಲಸಿಗರು ನಿದ್ದೆಯಲ್ಲಿದ್ದಾರೆಂಬ ಭಾರವೂ ಚೆನ್ನ. ಆದರೆ ಶಾಳ ಕಥೆಯನ್ನು ಪರದೆಯ ಹಿಂದೆ ಮುಗಿಸಿದ್ದಾರೆ, ಕಡೆಯ ತಿರುವು ಅರ್ಧ ತಾಸು ಮೊದಲೇ ಕಾಣುತ್ತದೆ. ಕಡೆಗೆ ‘ರೆಸರೆಕ್ಷನ್’. ಮರುಹುಟ್ಟು ಪಡೆದ ರಿಪ್ಲಿ ತನಗಿಂತ ಮೊದಲು ಮಾಡಿ ಕೆಡಿಸಿದ ಏಳು ರೂಪಗಳನ್ನು ಕಾಣುವ ಕೋಣೆಯ ದೃಶ್ಯ ಮಾತ್ರ ಯಾವ ಚಿತ್ರಕ್ಕೂ ಕಡಿಮೆಯಲ್ಲ. ಉಳಿದದ್ದು ನನ್ನ ಕಲ್ಲಿಗೆ ತೂಗಲಿಲ್ಲ.

ಏಳನೇ ಹೆಜ್ಜೆ: ಮನೆಯ ಸಾಲು, ನಿಮ್ಮ ಸಾಲು

ಎಲ್ಲರ ಚೀಟಿ ಸೇರಿಸಿ ಮನೆಗೊಂದು ಸಾಲು ಬೇಕೆಂದರೆ, ಪ್ರತಿ ಚಿತ್ರಕ್ಕೆ ಪ್ರತಿಯೊಬ್ಬರೂ ಕೊಟ್ಟ ಸ್ಥಾನದ ಸಂಖ್ಯೆ ಕೂಡಿಸಿ. ಕಡಿಮೆ ಬಂದದ್ದು ಮೇಲೆ. ಆದರೆ ತಮ್ಮ ತಮ್ಮ ಚೀಟಿಯನ್ನು ಯಾರೂ ಹರಿಯಬಾರದು. ನಮ್ಮ ಕಾಕಾನ ಮಗಳು ‘ಪ್ರಮೀಥಿಯಸ್’ ಮೊದಲಿಟ್ಟಿದ್ದಾಳೆ. ನಮ್ಮನ್ನು ಹುಟ್ಟಿಸಿದವರೇ ನಮ್ಮನ್ನು ಯಾಕೆ ಬೇಡವೆನ್ನುತ್ತಾರೆ ಎಂಬ ಪ್ರಶ್ನೆ ಬೇರಾವ ಚಿತ್ರದಲ್ಲೂ ಇಲ್ಲ ಎನ್ನುವುದು ಅವಳ ಕಲ್ಲು. ಆ ಕಲ್ಲಿಗೆ ಅವಳ ಸಾಲು ಸರಿಯೇ. ಅವಳೊಂದಿಗೆ ನಾನು ವಾದಿಸಿದ್ದು ಕಲ್ಲಿನ ಬಗ್ಗೆ, ಸ್ಥಾನದ ಬಗ್ಗೆ ಅಲ್ಲ.

ಚೀಟಿಗಳನ್ನು ವಹಿಯಲ್ಲಿಟ್ಟು ಆರು ತಿಂಗಳು ಬಿಡಿ. ಆಮೇಲೆ ಎಲ್ಲವನ್ನೂ ನೋಡಬೇಕಿಲ್ಲ. ನಡುವಿನ ಮೂರನೆಯ, ನಾಲ್ಕನೆಯ ಚಿತ್ರಗಳನ್ನು ಮಾತ್ರ ಮತ್ತೆ ಹಚ್ಚಿ, ಸಾಲು ಅಲುಗುವುದಿದ್ದರೆ ಅಲ್ಲೇ ಅಲುಗುತ್ತದೆ. ನಮ್ಮ ಮನೆಯಲ್ಲಿ ‘ರೋಮ್ಯುಲಸ್’ನ ಸರದಿ ಈ ದೀಪಾವಳಿ ಆದ ಮೇಲೆ. ಆಗ ಕಾರ್ಖಾನೆಯ ಹಂಗಾಮು ಸುರುವಾಗಿರುತ್ತದೆ. ಅಪ್ಪ ಈಗಲೇ ಹೇಳಿಟ್ಟಿದ್ದಾರೆ: “ರಾತ್ರಿ ಪಾಳಿ ಭೋಂಗಾ ಆದ ಮ್ಯಾಲೆ ಹಚ್ಚು. ಅದಕ್ಕಿಂತ ಮೊದಲ ನನಗ ನಿದ್ದಿ ಎಲ್ಲಿ ಬರತೈತಿ.”